ಕೆಂಪು ಪೆನ್ನು ಕೆಳಗಿಟ್ಟ ಸೆಮಿಸ್ಟರ್

ಮೊದಲ ವರ್ಷ ನಾನು ಮಾಡಿದ್ದು ಬರೀ ತಿದ್ದುವ ಕೆಲಸ. ಸಮಾಜಶಾಸ್ತ್ರ ಓದುತ್ತಿದ್ದ ಕೊನೆಯ ವರ್ಷದ ಡಿಗ್ರಿ ವಿದ್ಯಾರ್ಥಿಗಳಿಗೆ ಸಂಶೋಧನಾ ಪ್ರಬಂಧ ಬರೆಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಅವರು ಬರೆದು ತಂದರು, ನಾನು ಕೆಂಪು ಪೆನ್ನು ಹಿಡಿದು ಕೂತೆ. ವಾಕ್ಯ ಸರಿ ಮಾಡಿದೆ. ಪ್ಯಾರಾಗಳನ್ನು ಹಿಂದೆ ಮುಂದೆ ಮಾಡಿದೆ. ಒಬ್ಬಳ 30 ಪುಟದ ಪೇಪರಿಗೆ ಮೂರು ರಾತ್ರಿ ಕೊಟ್ಟೆ. ವೈವಾ ದಿನ ಪರೀಕ್ಷಕರು ಪುಟ ತಿರುವುತ್ತಾ ಕೇಳಿದರು: "ಇಷ್ಟೆಲ್ಲ ಮಾಡಿ ಏನು ಕಂಡುಕೊಂಡೆ ಅಮ್ಮಾ?" ಅವಳು ನನ್ನ ಮುಖ ನೋಡಿದಳು.

ಆ ನೋಟ ಬಹಳ ದಿನ ನನ್ನನ್ನು ಕಾಡಿತು. ಪೇಪರಿನ ವಾಕ್ಯಗಳು ಚೆನ್ನಾಗಿದ್ದವು, ಆದರೆ ಅವೆಲ್ಲ ನನ್ನ ವಾಕ್ಯಗಳು. ಅವಳಿಗೆ ಕೇಳಲು ತನ್ನದೇ ಆದ ಪ್ರಶ್ನೆ ಇರಲಿಲ್ಲ, ಹಾಗಾಗಿ ಹೇಳಲು ಉತ್ತರವೂ ಇರಲಿಲ್ಲ. ಅವಳಿಗೆ ನನ್ನ ಸಹಾಯ ಬೇಕಾಗಿದ್ದದ್ದು ಮೊದಲ ವಾರದಲ್ಲಿ. ನಾನು ಕೊಟ್ಟಿದ್ದು ಕೊನೆಯ ವಾರದಲ್ಲಿ.

ಮರುವರ್ಷ 9 ಜನ ಬಂದರು. ಕೈಯಲ್ಲಿ 16 ವಾರ. ಮೊದಲ 10 ವಾರ ಯಾರ ವಾಕ್ಯವನ್ನೂ ತಿದ್ದುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಶುರು ಮಾಡಿದೆ.

ಮೊದಲ ದಿನ ಎಲ್ಲರೂ ವಿಷಯ ತಂದಿದ್ದರು. ಒಬ್ಬಳದು "ಸೋಶಿಯಲ್ ಮೀಡಿಯಾ ಮತ್ತು ಯುವಜನತೆ". ಒಬ್ಬನದು "ಅಸಂಘಟಿತ ಕಾರ್ಮಿಕರ ಸಮಸ್ಯೆಗಳು". ಇನ್ನೊಬ್ಬನದು "ಶಿಕ್ಷಣದಲ್ಲಿ ಗ್ರಂಥಾಲಯದ ಪಾತ್ರ". ಇವೆಲ್ಲ ಪಠ್ಯಪುಸ್ತಕದ ಅಧ್ಯಾಯಗಳ ಹೆಸರುಗಳಂತೆ ಕಾಣುತ್ತಿದ್ದವು. ಮಕ್ಕಳ ತಪ್ಪೇನೂ ಇಲ್ಲ. ಅಲ್ಲಿಯವರೆಗೆ ಅವರು ಓದಿದ್ದೆಲ್ಲ ಅಂಥ ಹೆಸರಿನ ಅಧ್ಯಾಯಗಳನ್ನೇ.

ಸೋಶಿಯಲ್ ಮೀಡಿಯಾ ಹುಡುಗಿಯನ್ನು ಕೂರಿಸಿಕೊಂಡು ಕೇಳಿದೆ.

"ಈ ವಿಷಯದಲ್ಲಿ ನಿನಗೆ ಅರ್ಥವಾಗದೆ ಉಳಿದಿರುವುದು ಏನು?"

"ಮೇಡಂ, ಅದರಿಂದ ಒಳ್ಳೇದೂ ಇದೆ, ಕೆಟ್ಟದ್ದೂ ಇದೆ ಅಂತ ಬರೀಬೇಕು ಅಂದುಕೊಂಡಿದ್ದೀನಿ."

"ಅದು ನಿನಗೆ ಈಗಾಗಲೇ ಗೊತ್ತಿದೆಯಲ್ಲ. ಗೊತ್ತಿಲ್ಲದ್ದು ಹೇಳು. ನಿನ್ನ ಫೋನಿನಲ್ಲೇ ನೋಡಿದ್ದು, ಯಾಕೆ ಹೀಗೆ ಅಂತ ಅನ್ನಿಸಿದ್ದು."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪಿದೆ ಮೇಡಂ. ಕ್ಲಾಸಲ್ಲಿ ಬಾಯೇ ಬಿಡದವರು ಅಲ್ಲಿ ಡೌಟ್ ಕೇಳ್ತಾರೇನೋ ಅಂದುಕೊಂಡಿದ್ದೆ. ಕೇಳ್ತಾರೋ ಇಲ್ವೋ ಸರಿಯಾಗಿ ನೋಡಿಲ್ಲ."

ಪ್ರಶ್ನೆ ಸಿಕ್ಕಿತ್ತು. ತರಗತಿಯಲ್ಲಿ ಮಾತಾಡದ ವಿದ್ಯಾರ್ಥಿಗಳು ಆನ್‌ಲೈನ್ ಗುಂಪಿನಲ್ಲಿ ಮಾತಾಡುತ್ತಾರೆಯೇ? ಯಾರನ್ನು ನೋಡಬೇಕು, ಎಲ್ಲಿ ನೋಡಬೇಕು, ಎಷ್ಟು ದಿನ ನೋಡಬೇಕು ಎಲ್ಲವೂ ಆ ಒಂದು ಸಾಲಿನಿಂದ ಹೊರಡುತ್ತದೆ. "ಯುವಜನತೆ" ಎಂದಾಗ ಕೋಟಿಗಟ್ಟಲೆ ಜನ, ಅವರನ್ನು ಹಿಡಿಯುವುದು ಹೇಗೆ? ಒಂದು ಡಿಗ್ರಿ ಪೇಪರಿಗೆ ಒಂದು ತರಗತಿ ಸಾಕು. ವಿಷಯ ಸಣ್ಣದಾದರೆ ಅಂಕ ಕಡಿಮೆ ಬರುತ್ತದೆ ಎಂಬ ಹೆದರಿಕೆ ಎಲ್ಲರಲ್ಲೂ ಇತ್ತು. ಅದನ್ನು ಬಿಡಿಸಲು ಎರಡು ವಾರ ಹಿಡಿಯಿತು. ಆ ಎರಡು ವಾರ ಕೊಟ್ಟಿದ್ದಕ್ಕೆ ನನಗೆ ಈಗಲೂ ಖುಷಿ ಇದೆ.

ಪ್ರಶ್ನೆ ಗಟ್ಟಿಯಾದ ಮೇಲೆ ಎಲ್ಲರಿಂದ ಒಂದು ಕೆಲಸ ಮಾಡಿಸಿದೆ. ಡೇಟಾ ಮುಟ್ಟುವ ಮೊದಲೇ, ಬರಬಹುದಾದ ಎರಡು ಬೇರೆ ಬೇರೆ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ ನನ್ನ ಕೈಗೆ ಕೊಡಬೇಕು. ಎರಡನೇ ಉತ್ತರ ಹೊಳೆಯದಿದ್ದರೆ ಪ್ರಶ್ನೆಯಲ್ಲಿ ಏನೋ ಕೊರತೆ ಇದೆ ಎಂದರ್ಥ. ಕಾರ್ಮಿಕರ ಸಮಸ್ಯೆ ಎಂದು ಬಂದಿದ್ದ ಹುಡುಗ ಅಷ್ಟು ಹೊತ್ತಿಗೆ ರಾತ್ರಿ ಪಾಳಿಯ ಸೆಕ್ಯೂರಿಟಿ ಗಾರ್ಡ್‌ಗಳಿಗೆ ಬಂದು ನಿಂತಿದ್ದ. ರಾತ್ರಿಯಿಡೀ ಎಚ್ಚರ ಇರುವವರು ಆ ಸಮಯವನ್ನು ಹೇಗೆ ಕಳೆಯುತ್ತಾರೆ, ಅದರ ಬಗ್ಗೆ ಏನು ಹೇಳುತ್ತಾರೆ ಎಂಬುದು ಅವನ ಪ್ರಶ್ನೆ. ಮೊದಲ ಉತ್ತರ ತಕ್ಷಣ ಬರೆದ: "ಬೇಜಾರು, ಒಂಟಿತನ." ಎರಡನೆಯದಕ್ಕೆ ಜಾಗ ಖಾಲಿ ಬಿಟ್ಟು ಕೊಟ್ಟ. ಆ ಹಾಳೆ ನನ್ನ ಹತ್ತಿರ ಇನ್ನೂ ಇದೆ.

ಓದುವ ಹಂತ. ಇಲ್ಲಿ ಒಂದು ಬೇಸರದ ಸಂಗತಿ ನಡೆಯಿತು. ಒಬ್ಬ ವಿದ್ಯಾರ್ಥಿನಿ 12 ಲೇಖನಗಳ ಪಟ್ಟಿ ತಂದಳು, ಪಟ್ಟಿ ಬಹಳ ಚೆನ್ನಾಗಿತ್ತು. ಹುಡುಕಿದರೆ 4 ಲೇಖನಗಳು ಎಲ್ಲೂ ಇಲ್ಲ. ಪತ್ರಿಕೆಯ ಹೆಸರು ನಿಜ, ಲೇಖಕರ ಹೆಸರೂ ನಿಜ, ಲೇಖನ ಮಾತ್ರ ಹುಟ್ಟೇ ಇಲ್ಲ. ಎಐ ಚಾಟ್‌ಬಾಟ್ ಕೇಳಿ ಬರೆದುಕೊಂಡಿದ್ದಳು. ಅವಳು ಮೋಸ ಮಾಡಲು ಹೊರಟವಳಲ್ಲ. ಅದು ಇಲ್ಲದ್ದನ್ನು ಸೃಷ್ಟಿಸಿ ಕೊಡುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅವತ್ತು ಎಲ್ಲರನ್ನೂ ಕೂರಿಸಿ ಒಂದೇ ನಿಯಮ ಹೇಳಿದೆ: ಪಟ್ಟಿಯಲ್ಲಿರುವ ಪ್ರತಿ ಲೇಖನವನ್ನೂ ನೀವು ತೆರೆದು ಓದಿರಬೇಕು. ನಾನು ಯಾವುದನ್ನಾದರೂ ತೋರಿಸಿ "ಇದರಲ್ಲಿ ಯಾರನ್ನು ಮಾತಾಡಿಸಿದ್ದಾರೆ?" ಎಂದರೆ ಹೇಳಬೇಕು.

ಆಮೇಲೆ ಹುಡುಕುವುದನ್ನು ಜೊತೆಯಲ್ಲೇ ಕೂತು ಮಾಡಿದೆವು. 2004ರಿಂದ ಇರುವ ಗೂಗಲ್ ಸ್ಕಾಲರ್ ಇದಕ್ಕೆ ಒಳ್ಳೆಯ ಸಾಧನ. ಒಂದು ಒಳ್ಳೆಯ ಲೇಖನ ಸಿಕ್ಕರೆ ಅದರ ಕೊನೆಯ ಪಟ್ಟಿಯಿಂದ ಹಿಂದಕ್ಕೆ ಹೋಗಬಹುದು. ಅದನ್ನು ಯಾರು ಯಾರು ಉಲ್ಲೇಖಿಸಿದ್ದಾರೆ ಎಂಬ ಕೊಂಡಿಯಿಂದ ಮುಂದಕ್ಕೂ ಬರಬಹುದು. ಹೀಗೆ ಎರಡು ಗಂಟೆ ಕೂತರೆ ಆ ವಿಷಯದಲ್ಲಿ ಯಾರು ಯಾರ ಜೊತೆ ವಾದ ಮಾಡುತ್ತಿದ್ದಾರೆ ಎಂಬುದು ಕಾಣತೊಡಗುತ್ತದೆ. "ಇವರು ಹೀಗೆ ಹೇಳಿದ್ದಾರೆ, ಅವರು ಹಾಗೆ ಹೇಳಿದ್ದಾರೆ" ಎಂದು ಸಾಲಾಗಿ ಬರೆಯುವ ಅಭ್ಯಾಸ ಅಲ್ಲಿಂದ ಕಡಿಮೆಯಾಯಿತು. ಪೂರ್ತಿ ಹೋಯಿತು ಎಂದು ಹೇಳಲಾರೆ.

ವಾಟ್ಸಾಪ್ ಹುಡುಗಿಯ ಪ್ರಶ್ನಾವಳಿಯಲ್ಲಿ 22 ಪ್ರಶ್ನೆಗಳಿದ್ದವು. ಪ್ರತಿಯೊಂದಕ್ಕೂ "ಪೂರ್ತಿ ಒಪ್ಪುತ್ತೇನೆ"ಯಿಂದ "ಸ್ವಲ್ಪವೂ ಒಪ್ಪುವುದಿಲ್ಲ"ದವರೆಗೆ ಐದು ಆಯ್ಕೆ. ಮನಶ್ಶಾಸ್ತ್ರಜ್ಞ ರೆನ್ಸಿಸ್ ಲೈಕರ್ಟ್ 1932ರಲ್ಲಿ ಕೊಟ್ಟ ಅಳತೆಗೋಲು ಇದು. ಬಳಸುವುದು ಸುಲಭ, ಕೆಡಿಸುವುದೂ ಅಷ್ಟೇ ಸುಲಭ. "ಗ್ರೂಪಿನಿಂದ ಓದಿಗೆ ಸಹಾಯವಾಗುತ್ತದೆ ಮತ್ತು ಸಮಯ ಉಳಿಯುತ್ತದೆ" ಎಂಬ ಸಾಲಿತ್ತು. ಸಹಾಯವಾಗುತ್ತದೆ, ಆದರೆ ಸಮಯ ಹಾಳಾಗುತ್ತದೆ ಎನ್ನುವವರು ಎಲ್ಲಿ ಗುರುತು ಹಾಕಬೇಕು? ಇನ್ನೊಂದು ಸಾಲು: "ನಾಚಿಕೆಯಿಂದಾಗಿ ನಾನು ತರಗತಿಯಲ್ಲಿ ಪ್ರಶ್ನೆ ಕೇಳುವುದಿಲ್ಲ." ಮಾತಾಡದಿರಲು ಕಾರಣ ನಾಚಿಕೆಯೇ ಎಂದು ಅವಳೇ ತೀರ್ಮಾನ ಮಾಡಿಬಿಟ್ಟಿದ್ದಳು.

ಪದ ಎಷ್ಟು ಕೆಲಸ ಮಾಡುತ್ತದೆ ಎಂದು ತೋರಿಸಲು ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಹೇಳಿದೆ. ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಕಿರುಚಿತ್ರ ತೋರಿಸಿದರು. ಕೆಲವರಿಗೆ "ಕಾರುಗಳು ಒಂದಕ್ಕೊಂದು ಹೊಡೆದಾಗ ವೇಗ ಎಷ್ಟಿತ್ತು?" ಎಂದು ಕೇಳಿದರು, ಕೆಲವರಿಗೆ "ಅಪ್ಪಳಿಸಿ ನುಜ್ಜುಗುಜ್ಜಾದಾಗ" ಎಂಬ ಅರ್ಥ ಬರುವ ಪದ ಹಾಕಿ ಕೇಳಿದರು. ಒಂದು ವಾರದ ನಂತರ ಕರೆಸಿ, ಒಡೆದ ಗಾಜು ನೋಡಿದಿರಾ ಎಂದು ವಿಚಾರಿಸಿದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. "ಹೊಡೆದಾಗ" ಎಂದು ಕೇಳಿಸಿಕೊಂಡ 50 ಜನರಲ್ಲಿ 7 ಜನ ನೋಡಿದೆವು ಎಂದರು. ಜೋರು ಪದ ಕೇಳಿಸಿಕೊಂಡ 50 ಜನರಲ್ಲಿ 16 ಜನ ಹಾಗೆಂದರು. ಒಂದು ಪದದಿಂದ ಇಷ್ಟು ವ್ಯತ್ಯಾಸ. ಇದನ್ನು ಕೇಳಿದ ಮೇಲೆ ಅವಳು ತನ್ನ ಪ್ರಶ್ನಾವಳಿಯನ್ನು ತಾನೇ ತೆಗೆದುಕೊಂಡು ಹೋಗಿ ಮಾರನೇ ದಿನ 11 ಪ್ರಶ್ನೆ ಮಾಡಿ ತಂದಳು.

ಅದನ್ನು ಮೊದಲು 6 ಜನರಿಗೆ ಕೊಟ್ಟು ನೋಡು ಎಂದೆ. ಈ ಪೈಲಟ್ ಹಂತವನ್ನು ಮಕ್ಕಳು ಹಾರಿಸಿಬಿಡುತ್ತಾರೆ, ಸುಮ್ನೆ ಟೈಮ್ ವೇಸ್ಟ್ ಅನ್ನಿಸುತ್ತದೆ ಅವರಿಗೆ. ಅವಳ ಪೇಪರ್ ನಿಜವಾಗಿ ಹುಟ್ಟಿದ್ದು ಅಲ್ಲೇ. ಆರು ಜನರಲ್ಲಿ ಒಬ್ಬಳು ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದಳು: "ನಾನು ಗ್ರೂಪಲ್ಲಿ ಕೇಳಲ್ಲ. ಒಬ್ಬಳಿಗೆ ಮಾತ್ರ ಪರ್ಸನಲ್ಲಾಗಿ ಮೆಸೇಜ್ ಹಾಕ್ತೀನಿ." ದಿನಾಂಕ ಹಾಕಿ ಕೊಟ್ಟಿದ್ದ ಎರಡು ಉತ್ತರಗಳಲ್ಲಿ ಇದು ಇರಲೇ ಇಲ್ಲ. ಕೇಳುತ್ತಾರೆ, ಇಲ್ಲ ಕೇಳುವುದಿಲ್ಲ, ಇವೆರಡೇ ಅವಳಿಗೆ ಹೊಳೆದಿದ್ದವು. ಅವಳು ಓಡುತ್ತಾ ಬಂದು ಆ ಹಾಳೆ ತೋರಿಸಿದಾಗ ಅವಳ ಕಣ್ಣಲ್ಲಿದ್ದ ಹೊಳಪನ್ನು ನಾನು ಹಿಂದಿನ ವರ್ಷ ಯಾರ ಕಣ್ಣಲ್ಲೂ ನೋಡಿರಲಿಲ್ಲ. ಕೊನೆಗೆ ಅವಳ ತರಗತಿಯಲ್ಲಿ ಕಂಡದ್ದೂ ಅದೇ. ಕ್ಲಾಸಲ್ಲಿ ಮಾತಾಡುವವರೇ ಗ್ರೂಪಿನಲ್ಲೂ ಮಾತಾಡುತ್ತಿದ್ದರು. ಸುಮ್ಮನಿರುವವರ ಪ್ರಶ್ನೆಗಳು ಇಬ್ಬರ ನಡುವಿನ ಖಾಸಗಿ ಮೆಸೇಜ್‌ಗಳಲ್ಲಿ ಓಡಾಡುತ್ತಿದ್ದವು.

ಯಾರನ್ನು ಆರಿಸಿ ಕೇಳಬೇಕು ಎಂಬ ಸ್ಯಾಂಪಲ್ ವಿಷಯಕ್ಕೆ ಬಂದರೆ, ಇನ್ನೊಬ್ಬ ಗೂಗಲ್ ಫಾರ್ಮ್ ಲಿಂಕನ್ನು ತನ್ನ ಸ್ನೇಹಿತರಿಗೆಲ್ಲ ಕಳಿಸಿ, ಎರಡು ದಿನದಲ್ಲಿ 200ಕ್ಕೂ ಹೆಚ್ಚು ಉತ್ತರ ಬಂತು ಎಂದು ಹಿಗ್ಗಿಕೊಂಡು ಬಂದ. ಅವನಿಗೆ 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಕಥೆ ಹೇಳಿದೆ. ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಮತಪತ್ರದಂಥ ಕಾರ್ಡ್ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಬರೆಯಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ರಲ್ಲಿ. ಪತ್ರಿಕೆ ವಿಳಾಸ ತೆಗೆದುಕೊಂಡಿದ್ದು ಮುಖ್ಯವಾಗಿ ಟೆಲಿಫೋನ್ ಡೈರೆಕ್ಟರಿ ಮತ್ತು ಕಾರು ನೋಂದಣಿ ಪಟ್ಟಿಗಳಿಂದ. ಆಗ ಫೋನು, ಕಾರು ಇದ್ದವರು ಯಾರು? ಜೊತೆಗೆ ಕಾರ್ಡ್ ಸಿಕ್ಕವರಲ್ಲಿ ಬಹುಪಾಲು ಜನ ಉತ್ತರಿಸಲೇ ಇಲ್ಲ. ಅದಕ್ಕಿಂತ ತುಂಬಾ ಸಣ್ಣ ಸ್ಯಾಂಪಲ್ ಇಟ್ಟುಕೊಂಡು ಸಮೀಕ್ಷೆ ಮಾಡಿದ್ದ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು. ಹುಡುಗ ಕೇಳಿಸಿಕೊಂಡು, "ಹಾಗಾದ್ರೆ ನನ್ನದು ನನ್ನ ಫ್ರೆಂಡ್ಸ್ ಬಗ್ಗೆ ಪೇಪರ್ ಅಲ್ವಾ ಮೇಡಂ" ಎಂದ. ಹಾಗೇ ಬರೆಯಬಹುದು, ಆದರೆ ಹಾಗೆಂದು ಸ್ಪಷ್ಟವಾಗಿ ಹೇಳಬೇಕು ಎಂದೆ. ಅವನು ಹಾಗೆ ಮಾಡದೆ ಹಾಜರಿ ಪುಸ್ತಕದಿಂದ ಪ್ರತಿ ಐದನೇ ಹೆಸರು ತೆಗೆದುಕೊಂಡು ಹೊಸದಾಗಿ ಶುರು ಮಾಡಿದ. ಉತ್ತರಗಳು 60ಕ್ಕೂ ಕಡಿಮೆ ಬಂದವು. ಆದರೆ ಉತ್ತರ ಕೊಟ್ಟವರು ಯಾರು ಎಂದು ಅವನಿಗೆ ಗೊತ್ತಿತ್ತು.

ಗ್ರಂಥಾಲಯದ ಹುಡುಗ ಅಂಕಿ ಅಂಶ ಚೆನ್ನಾಗಿ ಬಲ್ಲವನು. ಯಾವ ವಿಭಾಗದಲ್ಲಿ ಪುಸ್ತಕ ಜಾಸ್ತಿ ಹೋಗುತ್ತದೋ ಆ ವಿಭಾಗದ ಸರಾಸರಿ ಅಂಕವೂ ಜಾಸ್ತಿ ಎಂದು ತೋರಿಸಿ, "ಆದ್ದರಿಂದ ಲೈಬ್ರರಿಗೆ ಹೋಗುವ ವಿದ್ಯಾರ್ಥಿ ಹೆಚ್ಚು ಅಂಕ ಪಡೆಯುತ್ತಾನೆ" ಎಂದು ಬರೆದ. ಗುಂಪಿನ ಲೆಕ್ಕವನ್ನು ಒಬ್ಬೊಬ್ಬರ ಮೇಲೆ ಹೊರಿಸುವ ಈ ತಪ್ಪನ್ನು ಸಮಾಜಶಾಸ್ತ್ರಜ್ಞ ಡಬ್ಲ್ಯೂ. ಎಸ್. ರಾಬಿನ್‌ಸನ್ 1950ರಲ್ಲೇ ತೋರಿಸಿದ್ದರು. ಅಮೆರಿಕದ 1930ರ ಜನಗಣತಿ ನೋಡಿದರೆ, ಹೊರದೇಶದಲ್ಲಿ ಹುಟ್ಟಿದವರು ಹೆಚ್ಚಿದ್ದ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ. ಒಬ್ಬೊಬ್ಬರನ್ನೇ ನೋಡಿದರೆ ಹೊರಗಿನಿಂದ ಬಂದವರಲ್ಲೇ ಅನಕ್ಷರತೆ ಹೆಚ್ಚು. ಅವರು ಮೊದಲೇ ಸಾಕ್ಷರತೆ ಹೆಚ್ಚಿದ್ದ ರಾಜ್ಯಗಳಿಗೆ ಹೋಗಿ ನೆಲೆಸಿದ್ದರು, ಅಷ್ಟೇ. ಹುಡುಗ ಆ ರಾತ್ರಿಯೇ ತನ್ನ ವಾಕ್ಯ ಹೊಡೆದು ಹಾಕಿದ.

ಈಗ ಗಾರ್ಡ್‌ಗಳ ಬಳಿ ಹೋದ ಹುಡುಗನ ವಿಷಯ. ಮೊದಲ ಸಂದರ್ಶನದಿಂದ ಬಂದವನು ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಕೇಳಿಸಿದ. ಬಹಳ ಒಳ್ಳೆಯ ಮಾತುಕತೆ, 40 ನಿಮಿಷದ್ದು. "ರೆಕಾರ್ಡ್ ಮಾಡ್ತೀನಿ ಅಂತ ಅವರಿಗೆ ಹೇಳಿದ್ಯಾ?" ಎಂದೆ. ಇಲ್ಲ, ಹೇಳಿದ್ದರೆ ಇಷ್ಟು ಬಿಚ್ಚಿ ಮಾತಾಡುತ್ತಿರಲಿಲ್ಲ ಎಂದ. ಅಳಿಸು ಎಂದೆ. ಅವನಿಗೆ ತುಂಬಾ ನೋವಾಯಿತು. ನನಗೂ ಆಯಿತು, ಯಾಕೆಂದರೆ ಮಾತು ಅಷ್ಟು ಚೆನ್ನಾಗಿತ್ತು. ಆದರೆ ಇದರಲ್ಲಿ ಸಡಿಲ ಬಿಡಲು ಆಗುವುದಿಲ್ಲ. 1932ರಿಂದ 1972ರವರೆಗೆ ಅಮೆರಿಕದ ಟಸ್ಕೀಗಿಯಲ್ಲಿ ನೂರಾರು ಬಡ ಕಪ್ಪು ಜನರನ್ನು, ಅವರಿಗೆ ನಿಜ ಹೇಳದೆ, ಸಿಫಿಲಿಸ್ ರೋಗ ಹೇಗೆ ಬೆಳೆಯುತ್ತದೆ ಎಂದು ನೋಡಲು ಚಿಕಿತ್ಸೆ ಕೊಡದೆ ಇಟ್ಟರು. ಆ ರೋಗ ವಾಸಿಮಾಡುವ ಪೆನಿಸಿಲಿನ್ ಔಷಧ ಬಂದ ಮೇಲೂ ಕೊಡಲಿಲ್ಲ. ಅದು ಬಯಲಾದ ಮೇಲೆ, 1979ರಲ್ಲಿ ಬೆಲ್ಮಾಂಟ್ ವರದಿ ಬಂದು, ಸಂಶೋಧನೆಗೆ ಒಳಗಾಗುವವರನ್ನು ಗೌರವಿಸುವುದು, ಅವರಿಗೆ ಕೇಡಾಗದಂತೆ ನೋಡುವುದು, ಹೊರೆಯನ್ನು ನ್ಯಾಯವಾಗಿ ಹಂಚುವುದು ಎಂಬ ಮೂರು ತತ್ವಗಳನ್ನು ಮುಂದಿಟ್ಟಿತು. ಒಂದು ಮಾತುಕತೆಯನ್ನು ಅದಕ್ಕೆ ಹೋಲಿಸಲಾಗದು, ನಿಜ. ಆದರೆ ಅವರ ಮಾತು ಅವರದು. ಮೇಲಧಿಕಾರಿಯ ಕಿವಿಗೆ ಬಿದ್ದರೆ ಅವರ ಕೆಲಸವೇ ಹೋಗಬಹುದು.

ಅವನು ಅಳಿಸಿದ. ಮಾರನೇ ರಾತ್ರಿ ಅದೇ ಗಾರ್ಡ್ ಬಳಿ ಹೋಗಿ ಆದದ್ದನ್ನು ಹೇಳಿ ಕ್ಷಮೆ ಕೇಳಿದ. ಏನು ಅಧ್ಯಯನ, ಹೆಸರು ಹೇಗೆ ಬದಲಾಗುತ್ತದೆ, ಯಾವಾಗ ಬೇಕಾದರೂ ಬೇಡ ಅನ್ನಬಹುದು ಎಂದೆಲ್ಲ ವಿವರಿಸಿದ. ಅವರು ಒಪ್ಪಿದರು. ಎರಡನೇ ಸಲದ ಮಾತು ಮೊದಲಿನದಕ್ಕಿಂತ ಉದ್ದವಾಯಿತು.

ಎಷ್ಟು ಜನರನ್ನು ಮಾತಾಡಿಸಿದರೆ ಸಾಕು ಎಂದು ಕೇಳುತ್ತಿದ್ದ. ಹೊಸದೇನೂ ಬರದೆ, ಹಿಂದೆ ಕೇಳಿದ್ದೇ ಮತ್ತೆ ಮತ್ತೆ ಬರತೊಡಗಿದಾಗ ನಿಲ್ಲಿಸು ಎಂದೆ. 8 ಜನರಾದರು. ಎಲ್ಲವನ್ನೂ ಅವನೇ ಟೈಪ್ ಮಾಡಿದ, ಒಂದು ಗಂಟೆಯ ಮಾತಿಗೆ ಐದಾರು ಗಂಟೆ ಹಿಡಿಯಿತು. ನಂತರ ಸಾಲು ಸಾಲು ಓದಿ ಪಕ್ಕದಲ್ಲಿ ಒಂದೊಂದು ಪದ ಬರೆಯುವ ಕೋಡಿಂಗ್ ಕೆಲಸ. ಬಣ್ಣದ ಪೆನ್ನು ಕೊಟ್ಟೆ. ನೀಲಿಯಲ್ಲಿ "ನಿದ್ದೆ", ಹಸಿರಿನಲ್ಲಿ "ಹೆದರಿಕೆ", ಹಳದಿಯಲ್ಲಿ "ಒಂಟಿತನ".

ಒಂದು ಸಂದರ್ಶನವನ್ನು ಮಾತ್ರ ಪಕ್ಕಕ್ಕೆ ಇಟ್ಟಿದ್ದ. ಯಾಕೆ ಎಂದೆ. "ಇದು ಹೊಂದಲ್ಲ ಮೇಡಂ. ಇವರು ರಾತ್ರಿ ಪಾಳಿ ಬೇಕು ಅಂತ ಕೇಳಿ ಹಾಕಿಸ್ಕೊಂಡಿದ್ದಾರಂತೆ." ಕ್ಷಮೆ ಕೇಳಿ ಎರಡನೇ ಸಲ ಮಾತಾಡಿಸಿದ್ದ ಅದೇ ಗಾರ್ಡ್! ಮನೆಯಲ್ಲಿ ಆರು ಜನ, ಎರಡು ಕೋಣೆ. ಹಗಲು ಯಾರಾದರೊಬ್ಬರು ಏನಾದರೂ ಕೇಳುತ್ತಲೇ ಇರುತ್ತಾರೆ. ರಾತ್ರಿ ಗೇಟಿನ ಬಳಿ ಮಾತ್ರ ಯಾರೂ ಏನೂ ಕೇಳುವುದಿಲ್ಲ ಎಂದಿದ್ದರು ಅವರು.

ನಾನು ಎದ್ದು ಹೋಗಿ, ದಿನಾಂಕ ಹಾಕಿ ಕೊಟ್ಟಿದ್ದ ಅವನ ಹಾಳೆ ತಂದು ಮುಂದಿಟ್ಟೆ. ಎರಡನೇ ಉತ್ತರದ ಜಾಗ ಖಾಲಿಯಾಗಿತ್ತು. ನಾನೇನೂ ಹೇಳಲಿಲ್ಲ. ಬಹಳ ಹೊತ್ತು ನೋಡಿ, ಪಕ್ಕಕ್ಕೆ ಇಟ್ಟಿದ್ದ ಸಂದರ್ಶನವನ್ನು ಎತ್ತಿಕೊಂಡು, ಉಳಿದ ಏಳನ್ನೂ ಮೊದಲಿನಿಂದ ಓದಲು ಕೂತ. ಇನ್ನೂ ಇಬ್ಬರ ಮಾತಿನಲ್ಲಿ ಅದೇ ಎಳೆ ಇತ್ತು. ಹಳದಿ ಬಣ್ಣದ ಕೆಳಗೆ ಮುಚ್ಚಿಹೋಗಿತ್ತು.

10ನೇ ವಾರ ಬರೆಯಲು ಶುರು ಮಾಡಿದೆವು. ಏನು ಮಾಡಿದೆವು ಎಂಬ ಭಾಗ ಮೊದಲು, ಆಮೇಲೆ ಏನು ಸಿಕ್ಕಿತು, ಅದರ ಅರ್ಥವೇನು. ಪೀಠಿಕೆ ಅದರ ನಂತರ, ಸಾರಾಂಶ ಎಲ್ಲಕ್ಕಿಂತ ಕೊನೆಗೆ. ಪೀಠಿಕೆಯಿಂದ ಶುರು ಮಾಡಿದವರು ಅಲ್ಲೇ ಸಿಕ್ಕಿಕೊಳ್ಳುತ್ತಾರೆ ಎಂಬುದನ್ನು ಮೊದಲ ವರ್ಷದಲ್ಲಿ ಕಂಡಿದ್ದೆ. ಉಲ್ಲೇಖದ ಶೈಲಿ, ಅಂಚು, ಅಕ್ಷರದ ಗಾತ್ರ ಒಂದು ಮಧ್ಯಾಹ್ನದಲ್ಲಿ ಮುಗಿಯುವ ವಿಷಯಗಳು. "ಸಾಬೀತಾಗಿದೆ" ಎಂಬ ಪದವನ್ನು ಮಾತ್ರ ಎಲ್ಲರ ಡ್ರಾಫ್ಟಿನಿಂದಲೂ ತೆಗೆಸಿದೆ. ಎಂಟು ಜನರ ಮಾತಿನಿಂದ ಏನೂ ಸಾಬೀತಾಗುವುದಿಲ್ಲ, ಕಾಣುತ್ತದೆ, ಅಷ್ಟೇ.

ತಿದ್ದುವ ಕೆಲಸವನ್ನು ಈ ಸಲ ಅವರ ಕೈಗೇ ಕೊಟ್ಟೆ. ಪ್ರತಿ ಪ್ಯಾರಾದ ಪಕ್ಕ, ಅದು ಹೇಳುವುದೇನು ಎಂದು ಐದಾರು ಪದದಲ್ಲಿ ಬರೆಯಬೇಕು. ಬರೆಯಲು ಆಗದಿದ್ದರೆ ಆ ಪ್ಯಾರಾದಲ್ಲಿ ಒಂದಕ್ಕಿಂತ ಹೆಚ್ಚು ಮಾತು ಸೇರಿದೆ ಅಥವಾ ಒಂದೂ ಇಲ್ಲ. ಅಂಚಿನ ಆ ಸಾಲುಗಳನ್ನಷ್ಟೇ ಗಟ್ಟಿಯಾಗಿ ಓದಿದರೆ ವಾದ ಎಲ್ಲಿ ತುಂಡಾಗಿದೆ ಎಂದು ಓದುವವರಿಗೇ ಕೇಳಿಸುತ್ತದೆ. ವಾಟ್ಸಾಪ್ ಹುಡುಗಿ ಹೀಗೆ ಓದುತ್ತಾ ಓದುತ್ತಾ ತನ್ನ ನಾಲ್ಕು ಪುಟ ತಾನೇ ಕಿತ್ತು ಹಾಕಿದಳು. ಕೆಲವರ ವಾಕ್ಯಗಳು ಕೊನೆಯವರೆಗೂ ಒರಟಾಗೇ ಉಳಿದವು. ನಾನು ಹಾಗೇ ಬಿಟ್ಟೆ. ಅರ್ಥ ಕೆಡುವ ಕಡೆ ಮಾತ್ರ ಗುರುತು ಹಾಕಿದೆ.

ಸಲ್ಲಿಸುವ ಹಿಂದಿನ ಸಂಜೆ ಗಾರ್ಡ್‌ಗಳ ಪೇಪರ್ ಬರೆದವನು ಬಂದ. ಹಿಂದಿನ ರಾತ್ರಿ ಗೇಟಿನ ಬಳಿ ಕೂತು ತಾನು ಬರೆದದ್ದನ್ನು ಆ ಗಾರ್ಡ್‌ಗೆ ಓದಿ ಹೇಳಿದ್ದನಂತೆ. ಅವರು ಎಲ್ಲವನ್ನೂ ಕೇಳಿ, ಒಂದು ಕಡೆ ತಡೆದು ಹೇಳಿದರಂತೆ: "ಒಂಟಿತನ ಅಂತ ಯಾಕಪ್ಪ ಬರೆದಿದ್ದೀಯ? ಒಬ್ಬನೇ ಇರ್ತೀನಿ ಅಂದೆ. ಒಂಟಿ ಅನ್ನಲಿಲ್ಲ."

"ಇನ್ನೂ ಬೈಂಡಿಂಗಿಗೆ ಕೊಟ್ಟಿಲ್ಲ ಅಲ್ವಾ ಮೇಡಂ?" ಎಂದು ಕೇಳಿದ ಹುಡುಗ. ಇಲ್ಲ ಎಂದೆ. 17ನೇ ಪುಟ ತೆಗೆದು, "ಒಂಟಿತನ" ಹೊಡೆದು ಪಕ್ಕದಲ್ಲಿ "ಏಕಾಂತ" ಎಂದು ಬರೆದ. ಪೆನ್ನು ಎತ್ತಿ ಒಂದು ಕ್ಷಣ ನಿಂತ. ಅದನ್ನೂ ಹೊಡೆದು, ಅವರ ಮಾತನ್ನೇ ಅವರು ಹೇಳಿದ ಹಾಗೇ ಬರೆದುಕೊಂಡ.